ಇಂಧನದ ಸೋರಿಕೆಯೂ ತಯಾರಕರ ಹೊಣೆಯೂ

ಮೋಟಾರು ವಾಹನವು ಮಾರಾಟವಾದೊಡನೆ ತಯಾರಕರ ಹೊಣೆ ತೀರಿತೆಂಬ ಭಾವನೆ ಬಹುಕಾಲ ರೂಢಿಯಲ್ಲಿತ್ತು. ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ದುರಸ್ತಿ ಮಾಡಿಕೊಡುವ ಪದ್ಧತಿ, ಎಂದರೆ ವ್ಯವಹಾರದಲ್ಲಿ ರೀಕಾಲ್ ಎನಿಸಿಕೊಂಡ ಕ್ರಮ, ಈ ಭಾವನೆಯನ್ನು ಹೇಗೆ ತಿದ್ದಿತೆಂಬುದನ್ನು ಇಂಧನ ಸೋರಿಕೆಯ ನಿದರ್ಶನದಿಂದ ಇಲ್ಲಿ ಪರಿಶೀಲಿಸೋಣ.

ವಾಹನದೋಷಗಳಲ್ಲಿ ಸೋರಿಕೆಗೆ ವಿಶೇಷ ಸ್ಥಾನವಿರುವುದು ಪೆಟ್ರೋಲಿನ ಗುಣದಿಂದ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿಯೂ ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿ ಅದರಿಂದ ಹೊರಡುತ್ತದೆ. ಈ ಆವಿ ಗಾಳಿಗಿಂತ ಭಾರವಾದುದು. ನೆಲವನ್ನು ಹಿಡಿದು ಹರಡಿ ದೂರದ ಕಿಡಿಯನ್ನೂ ಮುಟ್ಟಬಲ್ಲುದು. ಆದಕಾರಣ ಸೋರಿಕೆ ಅತ್ಯಲ್ಪವೆಂದು ಉಪೇಕ್ಷಿಸುವುದು ಸಲ್ಲದು.

ಅಮೆರಿಕದ ಫೋರ್ಡ್ ಪಿಂಟೊ ಕಾರಿನ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಇಂಧನದ ತೊಟ್ಟಿ ಹಿಂದಿನ ಅಚ್ಚಿಗೂ ಬಂಪರಿಗೂ ನಡುವೆ ಇತ್ತು. ಹಿಂದಿನಿಂದ ಬೇರೊಂದು ವಾಹನ ಬಡಿದಾಗ ತೊಟ್ಟಿಯು ಮುಂದಕ್ಕೆ ನೂಕಲ್ಪಟ್ಟು ಡಿಫರೆನ್ಷಿಯಲ್ಲಿನ ಬೋಲ್ಟುಗಳಿಂದ ತೂತಾಗುತ್ತಿತ್ತು; ಇಂಧನ ತುಂಬುವ ಕೊಳವೆಯೂ ಕಳಚಿಕೊಳ್ಳುತ್ತಿತ್ತು. ಸರ್ಕಾರದ ತನಿಖೆಯು ಇಂತಹ 38 ಪ್ರಸಂಗಗಳನ್ನೂ ಅವುಗಳಲ್ಲಿ 27 ಮಂದಿಯ ಮರಣವನ್ನೂ ಗುರುತಿಸಿತು. 1978ರ ಜೂನಿನಲ್ಲಿ ಸುಮಾರು 15 ಲಕ್ಷ ಕಾರುಗಳು ಹಿಂದಕ್ಕೆ ಕರೆಸಲ್ಪಟ್ಟವು. ಮಾಡಿದ ದುರಸ್ತಿ ಸರಳವಾದುದು: ತೊಟ್ಟಿಯ ಮುಂದೆ ಪ್ಲಾಸ್ಟಿಕ್ಕಿನ ಕವಚ, ಉದ್ದವಾದ ಕೊಳವೆ, ಬಿಗಿಯಾದ ಮುದ್ರೆ. ಇಷ್ಟು ಸುಲಭವಾದ ಪರಿಹಾರ ಇಷ್ಟು ತಡವಾಗಿ ಬಂದುದೇ ಶೋಚನೀಯ.

ದುರಸ್ತಿಯು ಉಚಿತವಾಗಿ ದೊರೆತುದು ಕಾನೂನಿನ ಬಲದಿಂದ. ಅಲ್ಲಿನ 1966ರ ಶಾಸನವು ದೋಷವನ್ನು ಮಾಲೀಕರಿಗೆ ತಿಳಿಸಬೇಕೆಂದಷ್ಟೇ ವಿಧಿಸಿತ್ತು. ಅಪಾಯವನ್ನು ಅರಿತೂ ವೆಚ್ಚಕ್ಕೆ ಅಂಜಿ ಸುಮ್ಮನಿರುವವನಿಗೆ ಬರಿಯ ಸೂಚನೆಯಿಂದೇನು ಪ್ರಯೋಜನ? 1974ರ ತಿದ್ದುಪಡಿಯು ಆ ವೆಚ್ಚವನ್ನು ತಯಾರಕರ ಮೇಲೆ ಹೊರಿಸಿತು.

ಭಾರತದಲ್ಲಿ ಈ ಕ್ರಮ ಮೊದಲು ತಯಾರಕರ ಸ್ವಯಂಪ್ರೇರಣೆಯಿಂದ ನಡೆಯಿತು. 2010ರಲ್ಲಿ ಮಾರುತಿ ಸುಜುಕಿಯು ಇಂಧನದ ಪಂಪಿನ ಬಳಿ ಸೋರಬಹುದಾದ ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆಸಿಕೊಂಡಿತು. 2014ರಲ್ಲಿ ಅದೇ ಸಂಸ್ಥೆ 1,03,311 ಕಾರುಗಳಲ್ಲಿ ಇಂಧನ ತುಂಬುವ ಕೊಳವೆಯ ಭಾಗವನ್ನು ಬದಲಿಸಲು ಮುಂದಾಯಿತು. ಮೋಟಾರು ವಾಹನಗಳ ಶಾಸನದ 2019ರ ತಿದ್ದುಪಡಿಯಿಂದ ಸೇರಿದ 110-ಎ ಪ್ರಕರಣವು ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆಜ್ಞೆ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಇವು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಅನ್ವಯಿಸುತ್ತವೆ.

ಶಾಸನವಿದ್ದರೂ ಕರೆ ತಲುಪದಿದ್ದರೆ ಫಲವಿಲ್ಲ. ಕೈ ಬದಲಾದ ವಾಹನದ ಸೂಚನಾಪತ್ರ ಹಳೆಯ ಮಾಲೀಕನ ಮನೆಗೆ ಹೋಗುವುದುಂಟು. ಆದುದರಿಂದ ನೋಂದಣಿಯಲ್ಲಿ ಹೆಸರು, ವಿಳಾಸಗಳನ್ನು ಸರಿಪಡಿಸಿಕೊಳ್ಳತಕ್ಕದ್ದು. ಷಾಸಿ ಸಂಖ್ಯೆಯನ್ನು ಕೊಟ್ಟು ತಮ್ಮ ವಾಹನವು ಪಟ್ಟಿಯಲ್ಲಿದೆಯೇ ಎಂದು ತಯಾರಕರ ಅಧಿಕೃತ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಪೆಟ್ರೋಲಿನ ವಾಸನೆ ಕಂಡುಬಂದರೆ ಎಂಜಿನನ್ನು ನಿಲ್ಲಿಸಿ, ಬೆಂಕಿಯನ್ನು ದೂರವಿರಿಸಿ, ಪರೀಕ್ಷೆಯಾಗುವವರೆಗೆ ವಾಹನವನ್ನು ನಡೆಸದಿರುವುದು ಲೇಸು. ಉಚಿತ ದುರಸ್ತಿಯು ತಯಾರಕರು ತೋರುವ ದಾಕ್ಷಿಣ್ಯವಲ್ಲ, ಅವರು ತೀರಿಸಬೇಕಾದ ಋಣ. ಅದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾದುದಿಲ್ಲ.