ಹಲ್ಲು ಕಚ್ಚಿ ತೋರಿಸು, ಪುಟ್ಟಿ

ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಹೂವು, ತರಕಾರಿ, ಬಸ್ಸುಗಳ ಗದ್ದಲ. ಅದನ್ನು ದಾಟಿದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇರುವುದು ಇಲ್ಲಿಯೇ, ಕೋಟೆ ಪ್ರದೇಶದಲ್ಲಿ. 1958ರಲ್ಲಿ ಶುರುವಾದ ಸಂಸ್ಥೆ. ಕೆನ್ನೆಗೆ ಕೈ ಒತ್ತಿಕೊಂಡು ನೋವಿನಿಂದ ಬರುವವರೇ ಇಲ್ಲಿ ಹೆಚ್ಚು. ನಾನು ನೋಡಲು ಹೋದದ್ದು ಮಾತ್ರ ಯಾವ ನೋವೂ ಇಲ್ಲದ ಮಕ್ಕಳು ಬಂದು ಕೂರುವ ಆರ್ಥೊಡಾಂಟಿಕ್ಸ್ ವಿಭಾಗವನ್ನು. ಜನರ ಬಾಯಲ್ಲಿ ಅದು 'ಹಲ್ಲಿಗೆ ಕ್ಲಿಪ್ ಹಾಕೋ ಜಾಗ'.

ಮೊದಲು ಚೀಟಿ ಮಾಡಿಸಬೇಕು. ಆಮೇಲೆ ಬಾಯಿ ಪರೀಕ್ಷಿಸುವ ವಿಭಾಗದಲ್ಲಿ ಒಮ್ಮೆ ತೋರಿಸಬೇಕು. ಯಾರು ಎಲ್ಲಿಗೆ ಹೋಗಬೇಕೆಂದು ಬರೆದುಕೊಡುವುದು ಅಲ್ಲಿ. ಹುಳುಕಿದ್ದರೆ ಒಂದು ಕಡೆ, ಒಸಡಿನ ತೊಂದರೆಗೆ ಇನ್ನೊಂದು ಕಡೆ. ಹಲ್ಲಿನ ಸಾಲು, ದವಡೆಯ ಹೊಂದಾಣಿಕೆ ಎಂದರೆ ಇಲ್ಲಿಗೆ.

ಬೆಂಚಿನ ಮೇಲೆ ಕೂತಿದ್ದ ಮಕ್ಕಳಲ್ಲಿ ಹೆಚ್ಚಿನವರು ಹೈಸ್ಕೂಲು ಸಮವಸ್ತ್ರದಲ್ಲಿದ್ದರು. ಆಗಲೇ ತಂತಿ ಕಟ್ಟಿಸಿಕೊಂಡು ತಿಂಗಳ ತಪಾಸಣೆಗೆ ಬಂದವರು ಕೆಲವರು, ಮೊದಲ ಬಾರಿ ಬಂದವರು ಕೆಲವರು. ಏಳೆಂಟು ವರ್ಷದವರು ಬಹಳ ಕಡಿಮೆ. ಈ ಬೆಂಚು ನೋಡಿದರೆ ನಮ್ಮ ಮನೆಗಳ ಲೆಕ್ಕಾಚಾರ ತಿಳಿಯುತ್ತದೆ. ಹಾಲುಹಲ್ಲೆಲ್ಲ ಬೀಳಲಿ, ಹನ್ನೆರಡು ಹದಿಮೂರಾಗಲಿ, ಆಮೇಲೆ ನೋಡೋಣ ಎಂಬ ಲೆಕ್ಕ. ಕೆಲವು ತೊಂದರೆಗಳ ಮಟ್ಟಿಗೆ ಅದು ಸರಿ. ಇನ್ನು ಕೆಲವಕ್ಕೆ ಅಷ್ಟು ಹೊತ್ತಿಗೆ ಒಳ್ಳೆಯ ಕಾಲ ಕಳೆದುಹೋಗಿರುತ್ತದೆ. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಮಗುವಿಗೆ ಏಳು ವರ್ಷ ಆಗುವುದರೊಳಗೆ ಒಮ್ಮೆ ತಜ್ಞರಿಗೆ ತೋರಿಸಿ ಎನ್ನುತ್ತದೆ. ಆ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬಂದಿರುತ್ತದೆ, ಮುಂದಿನ ಬಾಚಿಹಲ್ಲುಗಳು ಇಣುಕುತ್ತಿರುತ್ತವೆ. ಮೇಲಿನ ಕೆಳಗಿನ ದವಡೆಗಳು ಹೇಗೆ ಕೂಡುತ್ತಿವೆ ಎಂದು ಹೇಳಲು ತಜ್ಞರಿಗೆ ಅಷ್ಟು ಸಾಕು. ತೋರಿಸಿದ ತಕ್ಷಣ ಕ್ಲಿಪ್ ಹಾಕಿಬಿಡುತ್ತಾರೆ ಎಂದೇನೂ ಇಲ್ಲ.

ಒಳಗೆ ಕುರ್ಚಿಯಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ನಗು ಎಂದು ವೈದ್ಯೆ ಅವಳಿಗೆ ಹೇಳಲೇ ಇಲ್ಲ. ಮೊದಲು ಪಕ್ಕದಿಂದ ಮುಖ ನೋಡಿದರು. ತುಟಿ ತಾನಾಗಿ ಮುಚ್ಚುತ್ತದೆಯೇ, ಗದ್ದ ಹಿಂದಕ್ಕೆ ಸರಿದಿದೆಯೇ, ಮುಂದಕ್ಕೆ ಬಂದಿದೆಯೇ ಎಂದು. ಆಮೇಲೆ, "ಉಗುಳು ನುಂಗಿ ಹಿಂದಿನ ಹಲ್ಲಲ್ಲಿ ಕಚ್ಚು, ಪುಟ್ಟಿ" ಎಂದು ಕೆನ್ನೆಯನ್ನು ಮೆಲ್ಲಗೆ ಸರಿಸಿದರು. ಬಲಗಡೆ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಗೆ ಕೂತಿದ್ದವು. ಇರಬೇಕಾದದ್ದು ಹೊರಗೆ. ಬಾಯಿ ತೆರೆದಾಗ ನೆಟ್ಟಗಿದ್ದ ಗದ್ದ, ಕಚ್ಚುವ ಹೊತ್ತಿಗೆ ಬಲಕ್ಕೆ ಜಾರುತ್ತಿತ್ತು.

"ಮುಂದಿನ ಹಲ್ಲು ನೀಟಾಗಿದೆಯಲ್ಲ ಮೇಡಂ? ಸ್ಕೂಲ್ ಫೋಟೋದಲ್ಲಿ ಚೆನ್ನಾಗೇ ಕಾಣ್ತಾಳೆ" ಎಂದರು ತಾಯಿ. ಹುಳುಕು ತೋರಿಸಲೆಂದು ಬಂದವರು ಅವರು.

"ಮುಂದೆ ಏನೂ ಇಲ್ಲಮ್ಮ. ತೊಂದರೆ ಇರೋದು ಹಿಂದೆ. ಮೇಲಿನ ದವಡೆ ಕಿರಿದಾಗಿದೆ. ಹೀಗೇ ಬಿಟ್ಟರೆ ಗದ್ದ ಒಂದು ಕಡೆಗೇ ಬೆಳೀಬಹುದು."

ಅಂಗುಳದ ಎರಡು ಭಾಗಗಳ ನಡುವಿನ ಬೆಸುಗೆ ಈ ವಯಸ್ಸಿನಲ್ಲಿ ಇನ್ನೂ ಬಿಗಿಯಾಗಿರುವುದಿಲ್ಲ. ಸಣ್ಣ ಸ್ಕ್ರೂ ಇರುವ ಸಾಧನವನ್ನು ಅಂಗುಳಕ್ಕೆ ಕೂರಿಸಿ, ವೈದ್ಯರು ಹೇಳಿದಂತೆ ಮನೆಯಲ್ಲಿ ಕೀಲಿ ತಿರುಗಿಸುತ್ತ ಹೋದರೆ ದವಡೆ ಅಗಲವಾಗುತ್ತದೆ. ಬೆಸುಗೆ ಬಿಗಿದ ಮೇಲೆ, ದೊಡ್ಡವರಾದಾಗ, ಇದಕ್ಕೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನಾವು ಮಕ್ಕಳ ಹಲ್ಲು ನೋಡುವುದು ನಗುವಾಗ, ಎದುರಿನಿಂದ. ನೋಡಬೇಕಾದದ್ದು ಕಚ್ಚಿದಾಗ, ಪಕ್ಕದಿಂದ.

ಪಕ್ಕದಲ್ಲಿ ಅಚ್ಚುಗಳ ಕೋಣೆ. ಮಕ್ಕಳ ಬಾಯಿಯ ಅಳತೆ ತೆಗೆದು ಮಾಡಿದ ಬಿಳಿ ಪ್ಲಾಸ್ಟರ್ ದವಡೆಗಳು ಜೋಡಿ ಜೋಡಿಯಾಗಿ ಕಪಾಟು ತುಂಬಿವೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು. ಎಡ್ವರ್ಡ್ ಆಂಗಲ್ ಎಂಬ ಅಮೆರಿಕದ ದಂತವೈದ್ಯ 1899ರಲ್ಲಿ ಹಾಕಿಕೊಟ್ಟ ವಿಂಗಡಣೆಯನ್ನೇ ವಿದ್ಯಾರ್ಥಿಗಳು ಇವತ್ತಿಗೂ ಮೊದಲು ಕಲಿಯುತ್ತಾರೆ. ಮೇಲಿನ ಮೊದಲ ದವಡೆಹಲ್ಲಿಗೆ ಕೆಳಗಿನದು ಎಲ್ಲಿ ಕೂಡುತ್ತದೆ ಎಂಬುದೇ ಅದರ ಆಧಾರ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಒಂದು ಜೋಡಿ ತೆಗೆದು ಸಣ್ಣ ಸ್ಕೇಲು ಇಟ್ಟರು. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದಿರುವುದು ಸಹಜ. ಇದರಲ್ಲಿ ಒಂಬತ್ತಿತ್ತು. ಇಂಥ ಉಬ್ಬುಹಲ್ಲಿನ ಮಗು ಮುಗ್ಗರಿಸಿದರೆ ಮೊದಲು ಪೆಟ್ಟಾಗುವುದು ಆ ಹಲ್ಲಿಗೇ. ಅಂದಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನು. ಇನ್ನೊಂದು ಜೋಡಿಯಲ್ಲಿ ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚಿತ್ತು. ಕೆಳಗಿನ ಹಲ್ಲು ಅಂಗುಳಕ್ಕೆ ತಾಗಿ ಗಾಯ ಮಾಡುವ ಸ್ಥಿತಿ ಅದು. ಮತ್ತೊಂದರಲ್ಲಿ ಹಿಂದಿನ ಹಲ್ಲು ಕೂಡಿದರೂ ಮುಂದೆ ಕಿಟಕಿಯಂಥ ಸಂದು. ನಾಲ್ಕು ವರ್ಷ ದಾಟಿದರೂ ಬಿಡದ ಬೆರಳು ಚೀಪುವ ಚಟ, ನುಂಗುವಾಗ ನಾಲಿಗೆ ಮುಂದೆ ತಳ್ಳುವ ಅಭ್ಯಾಸ ಇಂಥದ್ದಕ್ಕೆ ದಾರಿ ಮಾಡುತ್ತವೆ. ಸದಾ ಬಾಯಿ ತೆರೆದು ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಕಿವಿ-ಮೂಗು-ಗಂಟಲು ವೈದ್ಯರಿಗೂ ತೋರಿಸಬೇಕು. ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ಊದಿರಬಹುದು.

ಹೆತ್ತವರ ಗಾಬರಿ ಇಳಿಸುವ ಜೋಡಿಯೂ ಆ ಕಪಾಟಿನಲ್ಲಿತ್ತು. ಎಂಟು ಒಂಬತ್ತರ ಮಗುವಿನದು. ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು, ಹಲ್ಲುಗಳು ಬೀಸಣಿಗೆಯ ಹಾಗೆ ಹರಡಿಕೊಂಡಿವೆ. ಒಳಗಿಂದ ಬರುತ್ತಿರುವ ಕೋರೆಹಲ್ಲುಗಳು ಬಾಚಿಹಲ್ಲಿನ ಬೇರನ್ನು ಒತ್ತುವುದರಿಂದ ಹೀಗಾಗುತ್ತದೆ. ಹನ್ನೊಂದು ಹನ್ನೆರಡಕ್ಕೆ ಕೋರೆಹಲ್ಲು ಇಳಿದ ಮೇಲೆ ಬಹುಪಾಲು ಮಕ್ಕಳಲ್ಲಿ ಸಂದು ತಾನಾಗಿ ಕೂಡಿಕೊಳ್ಳುತ್ತದೆ. ಆರೇಳರ ವಯಸ್ಸಿನಲ್ಲಿ ಕೆಳಗಿನ ಹಾಲುಹಲ್ಲಿನ ಹಿಂದೆ ಇನ್ನೊಂದು ಸಾಲು ಎದ್ದಾಗಲೂ ಹೀಗೆಯೇ. ಹಾಲುಹಲ್ಲು ಬಿದ್ದರೆ ನಾಲಿಗೆಯೇ ಹೊಸ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಬೀಳದೆ ಕೂತರೆ ಮಾತ್ರ ತೆಗೆಸಬೇಕು.

ಆ ಕೋರೆಹಲ್ಲಿನ ಮೇಲೆ ಒಂದು ಕಣ್ಣಿರಲಿ. ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿದ್ದ ಎಕ್ಸ್‌ರೇಯಲ್ಲಿ ಒಂದು ಕೋರೆಹಲ್ಲು ನೇರ ಇಳಿಯುವ ಬದಲು ಓರೆಯಾಗಿ ಮಲಗಿ ಪಕ್ಕದ ಬಾಚಿಹಲ್ಲಿನ ಬೇರಿಗೆ ತಾಗಿತ್ತು. ಹೀಗೇ ಬಿಟ್ಟರೆ ಆ ಬೇರು ಸವೆದುಹೋಗಬಹುದು. ಮಗುವಿಗೆ ಒಂಬತ್ತು ಹತ್ತು ಆಗುವಾಗ ವೈದ್ಯರು ಮೇಲಿನ ಒಸಡನ್ನು ಬೆರಳಲ್ಲಿ ಸವರಿ ನೋಡುವುದು, ಕೋರೆಹಲ್ಲಿನ ಉಬ್ಬು ಎರಡೂ ಕಡೆ ಸಿಗುತ್ತದೆಯೇ ಎಂದು. ಒಂದು ಕಡೆ ಕೋರೆಹಲ್ಲು ಬಂದು ತಿಂಗಳುಗಟ್ಟಲೆ ಕಳೆದರೂ ಇನ್ನೊಂದು ಕಡೆ ಸುಳಿವಿಲ್ಲದಿದ್ದರೆ ತೋರಿಸಲೇಬೇಕು.

ಮಕ್ಕಳ ದಂತ ವಿಭಾಗಕ್ಕೂ ಹೋಗಿಬಂದೆ. ಮುಂದೆ ಕ್ಲಿಪ್ ಬೇಕಾಗುವ ಎಷ್ಟೋ ಬಾಯಿಗಳ ಕತೆ ಶುರುವಾಗುವುದು ಅಲ್ಲಿಂದ. ಹಾಲಿನ ದವಡೆಹಲ್ಲು ಹುಳುಕಾದರೆ, "ಹೇಗೂ ಬೀಳೋ ಹಲ್ಲಲ್ವಾ, ಕಿತ್ತುಬಿಡಿ" ಎನ್ನುತ್ತೇವೆ. ಆ ಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವುದಕ್ಕೆ ಜಾಗ ಕಾಯುತ್ತಿರುತ್ತದೆ. ಏಳಕ್ಕೇ ಅದನ್ನು ಕಿತ್ತರೆ ಹಿಂದಿನ ದವಡೆಹಲ್ಲು ಮುಂದಕ್ಕೆ ವಾಲಿ ಜಾಗ ತಿನ್ನುತ್ತದೆ. ಹತ್ತು ಹನ್ನೊಂದಕ್ಕೆ ಬರಬೇಕಾದ ಹಲ್ಲು ಅಡ್ಡಾದಿಡ್ಡಿ ಏಳುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಕೀಳಲೇಬೇಕಾಗಿ ಬಂದರೆ, ಜಾಗ ಉಳಿಸುವ ಸಣ್ಣ ತಂತಿಯ ಬಳೆ ಹಾಕಬೇಕೇ ಎಂದು ಅಂದೇ ಕೇಳಿ. ಹುಳುಕು ಸಣ್ಣದಿರುವಾಗಲೇ ತುಂಬಿಸಿಬಿಟ್ಟರೆ ಇದಾವುದೂ ಬೇಡ.

ಆರ್ಥೊಡಾಂಟಿಕ್ಸ್ ವಿಭಾಗಕ್ಕೆ ವಾಪಸು ಬಂದಾಗ ಕೆಳದವಡೆ ಹಿಂದೆ ಸರಿದ ಹನ್ನೆರಡರ ಹುಡುಗನಿಗೆ ಟ್ವಿನ್ ಬ್ಲಾಕ್ ಕೊಡುತ್ತಿದ್ದರು. ಕೆಳದವಡೆಯನ್ನು ಮುಂದಕ್ಕೆ ತರಲು ಮೇಲೆ ಕೆಳಗೆ ಹಾಕಿಕೊಳ್ಳುವ, ತೆಗೆದು ತೊಳೆಯಬಹುದಾದ ಎರಡು ಪ್ಲೇಟುಗಳು. ಇದು ಚೆನ್ನಾಗಿ ಕೆಲಸ ಮಾಡುವುದು ಮೈ ಬೆಳೆಯುವ ಭರದಲ್ಲಿ. ಹೆಣ್ಣುಮಕ್ಕಳಿಗೆ ಆ ಕಾಲ ಗಂಡುಮಕ್ಕಳಿಗಿಂತ ಒಂದೆರಡು ವರ್ಷ ಮೊದಲೇ ಬರುತ್ತದೆ. ಮಗಳ ವಿಷಯದಲ್ಲಿ "ಎಸ್ಸೆಸ್ಸೆಲ್ಸಿ ಮುಗೀಲಿ" ಎನ್ನುವವರು ಇದನ್ನು ಗಮನಿಸಬೇಕು. ಕೆಳದವಡೆಯೇ ಮುಂದೆ ಬಂದಿದ್ದರೆ ಇನ್ನೂ ಬೇಗ, ಹತ್ತು ತುಂಬುವುದರೊಳಗೆ ತೋರಿಸುವುದು ಒಳ್ಳೆಯದು.

ಇನ್ನು ನಾವೆಲ್ಲ ಬಲ್ಲ ತಂತಿ-ಬ್ರಾಕೆಟ್ಟಿನ ಚಿಕಿತ್ಸೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಕಬ್ಬು ಕಚ್ಚುವಂತಿಲ್ಲ, ನಿಪ್ಪಟ್ಟು ಕಡಿಯುವಂತಿಲ್ಲ. ತಿಂದಾಗಲೆಲ್ಲ ಉಜ್ಜಬೇಕು. ತಂತಿ ಬಿಚ್ಚಿದ ಮೇಲೆ ರಿಟೇನರ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳುತ್ತದೆ. ಒಂಚೂರು ವಾರೆಯಾದ ಹಲ್ಲಿಗೆಲ್ಲ ಇಷ್ಟು ಪಾಡು ಬೇಡ ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಅಗಿಯುವ, ಚೊಕ್ಕಟವಾಗಿ ಉಜ್ಜಬಹುದಾದ ಬಾಯಿಯನ್ನು ಫೋಟೋಗಾಗಿ ಕೆದಕಬೇಕಾಗಿಲ್ಲ. ಹಾಗೆಂದು, ಸಹಪಾಠಿಗಳ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗುವಿನ ಸಂಕಟವನ್ನು ಸಣ್ಣದೆಂದು ತಳ್ಳಿಹಾಕಲೂ ಬಾರದು.

ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಈ ಭಾನುವಾರ ಬೆಳಕಿಗೆ ನಿಲ್ಲಿಸಿ, ಉಗುಳು ನುಂಗಿ ಕಚ್ಚಲು ಹೇಳಿ, ಎರಡೂ ಪಕ್ಕದಿಂದ ನೋಡಿ. ಕೆಳಗಿನ ಹಲ್ಲು ಎಲ್ಲಾದರೂ ಮೇಲಿನದರ ಹೊರಗೆ ಬಂದಿದ್ದರೆ, ಗದ್ದ ಒಂದು ಕಡೆಗೆ ಜಾರಿದರೆ, ತುಟಿ ಮುಚ್ಚಲು ಮಗು ಕಷ್ಟಪಟ್ಟರೆ ಹತ್ತಿರದ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಆರ್ಥೊಡಾಂಟಿಕ್ಸ್ ವಿಭಾಗ ಎಲ್ಲ ದಂತ ಕಾಲೇಜುಗಳಲ್ಲೂ ಇರುತ್ತದೆ. ನಿಮ್ಮ ಕಣ್ಣಿಗೆ ಏನೂ ಬೀಳದಿದ್ದರೂ ಏಳು ತುಂಬುವುದರೊಳಗೆ ಒಮ್ಮೆ ತೋರಿಸಿ ಬನ್ನಿ.