ಹೃದಯದ ಬಾಗಿಲು

ಮನುಷ್ಯದೇಹವನ್ನು ಒಂಬತ್ತು ಬಾಗಿಲುಗಳ ಪಟ್ಟಣವೆಂದು ನಮ್ಮ ಹಿರಿಯರು ಕರೆದಿರುವರು. ಅದು ಹೊರಗೆ ಕಾಣುವ ಬಾಗಿಲುಗಳನ್ನು ಎಣಿಸಿ ಆಡಿದ ಮಾತು. ಎದೆಯೊಳಗೆ ಇನ್ನೂ ನಾಲ್ಕು ಬಾಗಿಲುಗಳಿರುವುವು. ನಾವು ಮಲಗಿದ್ದರೂ ಎದ್ದಿದ್ದರೂ ಅವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ತೆರೆದು ಮುಚ್ಚುತ್ತಿರುವುವು. ವೈದ್ಯರು ಇವನ್ನು ಕವಾಟಗಳೆಂದು ಕರೆಯುವರು. ಸಂಸ್ಕೃತದಲ್ಲಿ ಕವಾಟವೆಂದರೆ ಮನೆಬಾಗಿಲಿನ ಕದವೇ ಆದುದರಿಂದ ಹೆಸರು ಬಹು ಯುಕ್ತವಾಗಿದೆ. ಕದವು ಸರಿಯಾಗಿರುವಷ್ಟು ಕಾಲ ಅದರ ನೆನಪು ಯಾರಿಗೂ ಬಾರದು. ಅದು ಕೆಟ್ಟಾಗ ಮನೆಯವರೆಲ್ಲರೂ ಅದರ ಮುಂದೆ ನಿಲ್ಲಬೇಕಾಗುವುದು.

ಅಂಥ ಒಂದು ಕದವನ್ನು ಬದಲಾಯಿಸಬೇಕೆಂದು ಕೆಲವು ವಾರಗಳ ಹಿಂದೆ ವೈದ್ಯರು ನಮಗೆ ತಿಳಿಸಿರುತ್ತಾರೆ. ಶಸ್ತ್ರಚಿಕಿತ್ಸೆಯು ಇನ್ನೂ ನಡೆಯಬೇಕಾಗಿದೆ. ಪರೀಕ್ಷೆಗೂ ಚಿಕಿತ್ಸೆಗೂ ನಡುವಣ ಈ ಅವಧಿಯಲ್ಲಿ ನಾವು ಕೇಳಿ, ಓದಿ, ವಿಚಾರಮಾಡಿ ತಿಳಿದುಕೊಂಡುದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ. ಈ ಅವಸ್ಥೆಯು ಅನೇಕ ಮನೆಗಳಿಗೆ ಬರತಕ್ಕದ್ದು. ಬಂದಾಗ ಭಯಕ್ಕಿಂತ ಮೊದಲು ತಿಳಿವಳಿಕೆಯು ಬಂದರೆ ಒಳ್ಳೆಯದು.

ಹೃದಯದಲ್ಲಿ ನಾಲ್ಕು ಕೋಣೆಗಳು. ಬಲಗಡೆಯ ಎರಡು ಕೋಣೆಗಳು ಮೈಯಿಂದ ಹಿಂದಿರುಗಿದ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುವುವು. ಎಡಗಡೆಯ ಎರಡು ಕೋಣೆಗಳು ಅಲ್ಲಿ ಪ್ರಾಣವಾಯುವನ್ನು ಪಡೆದು ಬಂದ ರಕ್ತವನ್ನು ಮೈಗೆಲ್ಲ ಹಂಚುವುವು. ಪ್ರತಿಯೊಂದು ಕೋಣೆಯ ಹೊರದಾರಿಯಲ್ಲಿಯೂ ಒಂದೊಂದು ಕವಾಟವಿರುವುದು. ರಕ್ತವು ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಕೂಡದು ಎಂಬುದೊಂದೇ ಅವುಗಳ ಧರ್ಮ. ಆದುದರಿಂದ ಅವಕ್ಕೆ ಬರುವ ದೋಷಗಳೂ ಎರಡೇ ಬಗೆ: ಪೂರ್ತಿಯಾಗಿ ತೆರೆಯದಿರುವುದು, ಇಲ್ಲವೆ ಪೂರ್ತಿಯಾಗಿ ಮುಚ್ಚದಿರುವುದು.

ನಮ್ಮಲ್ಲಿ ಕೆಟ್ಟಿರುವುದು ಎಡಗಡೆಯ ಕೆಳಕೋಣೆಗೂ ಮಹಾಧಮನಿಗೂ ನಡುವಣ ಕವಾಟ. ಇದರಲ್ಲಿ ಮೂರು ದಳಗಳಿರಬೇಕು. ನೂರು ಮಂದಿಯಲ್ಲಿ ಒಬ್ಬಿಬ್ಬರಿಗೆ ಹುಟ್ಟುವಾಗಲೇ ಎರಡು ದಳಗಳಿರುವುವು. ಅಂಥವರು ಬಾಲ್ಯ ಯೌವನಗಳನ್ನು ಯಾವ ತೊಂದರೆಯೂ ಇಲ್ಲದೆ ಕಳೆಯಬಹುದು. ಆದರೆ ಎರಡು ದಳಗಳು ಮೂರರ ಭಾರವನ್ನು ಹೊತ್ತು ಹೊತ್ತು, ಐವತ್ತು ಅರುವತ್ತು ವರ್ಷಗಳ ಹೊತ್ತಿಗೆ ಸುಣ್ಣದ ಅಂಶವು ಕಟ್ಟಿಕೊಂಡು ಬಿರುಸಾಗುವುವು. ನಾವು ಈ ಪಂಗಡಕ್ಕೆ ಸೇರಿದವರೆಂದು ಈಗ ತಿಳಿದಿದೆ. ಇದು ಕೆಲವು ಕುಟುಂಬಗಳಲ್ಲಿ ವಂಶಾನುಗತವಾಗಿ ಬರುವುದುಂಟಾದ ಕಾರಣ, ನಮ್ಮ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಎಕೋ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದರು.

ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಳ್ಳಹತ್ತಿದುದೇ ಮೊದಲನೆಯ ಸೂಚನೆ. ಊರಿನ ವೈದ್ಯರು ಎದೆಗೆ ಸ್ಟೆತಾಸ್ಕೋಪನ್ನಿಟ್ಟು ಕೇಳಿ, ಮರ್ಮರ ಶಬ್ದವೊಂದು ಇರುವುದೆಂದರು. ಒಣಗಿದ ಎಲೆಗಳು ಅಲುಗುವ ಸದ್ದಿಗೆ ಸಂಸ್ಕೃತದಲ್ಲಿ ಇದೇ ಹೆಸರು. ಇಕ್ಕಟ್ಟಾದ ಬಾಗಿಲಿನಲ್ಲಿ ರಕ್ತವು ನುಗ್ಗಿ ಹೋಗುವಾಗ ಆಗುವ ಸದ್ದು ಅದು. ಉಸಿರುಗಟ್ಟುವುದು, ಎದೆನೋವು, ಇದ್ದಕ್ಕಿದ್ದಂತೆ ಕಣ್ಣು ಕತ್ತಲೆಗೊಂಡು ಬೀಳುವುದು, ಈ ಮೂರು ಲಕ್ಷಣಗಳಲ್ಲಿ ಯಾವುದೊಂದು ಕಾಣಿಸಿಕೊಂಡರೂ ತಡಮಾಡಬಾರದು. ಲಕ್ಷಣಗಳು ತೋರಿದ ಬಳಿಕ ಚಿಕಿತ್ಸೆಯಿಲ್ಲದೆ ಬಿಟ್ಟರೆ ಆಯುಸ್ಸು ಸಾಮಾನ್ಯವಾಗಿ ಎರಡರಿಂದ ಐದು ವರ್ಷಗಳಷ್ಟೇ ಎಂಬುದು ಬಹುಕಾಲದಿಂದ ವೈದ್ಯರು ಕಂಡುಕೊಂಡ ಸಂಗತಿ. ಸುಣ್ಣಗಟ್ಟಿದ ಕದವನ್ನು ಮೆತ್ತಗೆ ಮಾಡತಕ್ಕ ಮಾತ್ರೆಯು ಈವರೆಗೆ ದೊರೆತಿಲ್ಲ.

ಆರೋಗ್ಯವಂತರಲ್ಲಿ ಈ ಬಾಗಿಲು ಮೂರರಿಂದ ನಾಲ್ಕು ಚದರ ಸೆಂಟಿಮೀಟರಿನಷ್ಟು ತೆರೆದುಕೊಳ್ಳುವುದು. ಒಂದಕ್ಕಿಂತ ಕಡಿಮೆಯಾದರೆ ರೋಗವು ತೀವ್ರವೆಂದು ಅರ್ಥ. ಬಾಗಿಲಿನ ಈಚೆ ಆಚೆಗಳಲ್ಲಿ ರಕ್ತದ ಒತ್ತಡದ ಅಂತರವು ಸರಾಸರಿ ೪೦ ಮಿಲಿಮೀಟರು ಪಾದರಸದಷ್ಟಾದರೆ ಅದೂ ತೀವ್ರತೆಯ ಗುರುತು. ನಮ್ಮ ಎಕೋ ಪರೀಕ್ಷೆಯಲ್ಲಿ ಈ ಎರಡು ಲೆಕ್ಕಗಳು ಪರಸ್ಪರ ಹೊಂದಲಿಲ್ಲ. ಬಾಗಿಲು ಬಹು ಕಿರಿದೆಂದು ಒಂದು ಲೆಕ್ಕ. ಒತ್ತಡದ ಅಂತರವು ಅಷ್ಟೊಂದಿಲ್ಲವೆಂದು ಇನ್ನೊಂದು. ಸಂಶಯ ನಿವಾರಣೆಗಾಗಿ ಹೃದಯದೊಳಕ್ಕೇ ನಳಿಕೆಯನ್ನು ಕಳುಹಿಸಿ ಅಳೆಯಬೇಕೆಂದು ಗೊತ್ತುಮಾಡಿದರು.

ಈ ಪರೀಕ್ಷೆಗೆ ಕೆಥೀಟರ್ ಪರೀಕ್ಷೆಯೆಂದು ಹೆಸರು. ಇದರ ಮೂಲ ಕಥೆಯು ವಿಚಿತ್ರವಾಗಿದೆ. ೧೯೨೯ರಲ್ಲಿ ಜರ್ಮನಿಯ ಏಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ರಕ್ತನಾಳದೊಳಗೆ ೬೫ ಸೆಂಟಿಮೀಟರಿನಷ್ಟು ನಳಿಕೆಯನ್ನು ತಾನೇ ತೂರಿಸಿಕೊಂಡು, ಎಕ್ಸರೇ ಕೋಣೆಗೆ ನಡೆದುಹೋಗಿ, ನಳಿಕೆಯ ತುದಿಯು ಹೃದಯವನ್ನು ಮುಟ್ಟಿರುವುದನ್ನು ಚಿತ್ರದಲ್ಲಿ ತೋರಿಸಿದನು. ಆತನಿಗೆ ಆಗ ದೊರೆತುದು ಮೆಚ್ಚುಗೆಯಲ್ಲ, ಆಕ್ಷೇಪಣೆ. ೧೯೫೬ರಲ್ಲಿ ಆತನಿಗೂ, ಆ ವಿಧಾನವನ್ನು ಅಮೆರಿಕದಲ್ಲಿ ಬೆಳೆಸಿದ ಕೂರ್ನಾ ಮತ್ತು ರಿಚರ್ಡ್ಸ್ ಎಂಬ ಇಬ್ಬರಿಗೂ ಸೇರಿ ನೊಬೆಲ್ ಬಹುಮಾನವು ಬಂದಿತು.

ನಮಗೆ ಮಣಿಕಟ್ಟಿನ ಧಮನಿಯಿಂದಲೇ ನಳಿಕೆಯನ್ನು ಕಳುಹಿಸಿದರು. ಅದರ ದಪ್ಪ ಎರಡು ಮಿಲಿಮೀಟರಿನಷ್ಟು. ಮಣಿಕಟ್ಟಿಗೆ ಮಾತ್ರ ಮರಗಟ್ಟುವ ಸೂಜಿಮದ್ದು. ಪ್ರಜ್ಞೆಯು ಪೂರ್ತಿಯಾಗಿ ಇರುವುದು. ಎಕ್ಸರೇಯಲ್ಲಿ ಕಾಣುವ ದ್ರವವನ್ನು ಒಳಕ್ಕೆ ಬಿಟ್ಟಾಗ ಕ್ಷಣಕಾಲ ಮೈಯೆಲ್ಲ ಬೆಚ್ಚಗಾಗುವುದು. ಮುಕ್ಕಾಲು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಹೃದಯದ ಮಾಂಸಕ್ಕೆ ರಕ್ತವನ್ನು ಒಯ್ಯುವ ನಾಳಗಳಲ್ಲಿ ಅಡಚಣೆಯಿಲ್ಲವೆಂದು ತಿಳಿಯಿತು. ಅಡಚಣೆಯಿದ್ದಿದ್ದರೆ ಕವಾಟದ ಜೊತೆಗೆ ಅದನ್ನೂ ಸರಿಪಡಿಸಬೇಕಾಗುತ್ತಿತ್ತು. ಕವಾಟದ ವಿಷಯದಲ್ಲಿಯಾದರೋ ಸಂಶಯವು ಹರಿಯಿತು: ಒತ್ತಡದ ಅಂತರ ೪೮, ಬಾಗಿಲಿನ ವಿಸ್ತಾರ ಒಂದು ಚದರ ಸೆಂಟಿಮೀಟರಿಗೂ ಕಡಿಮೆ.

ಹೀಗೆ ಪರೀಕ್ಷೆಯು ವೈದ್ಯರಿಗೆ ಉತ್ತರವನ್ನು ಕೊಟ್ಟಿತು. ನಮಗಾದರೋ ಪ್ರಶ್ನೆಯನ್ನು ಕೊಟ್ಟಿತು. ಕವಾಟವನ್ನು ಬದಲಾಯಿಸುವುದು ನಿಶ್ಚಯವಾದ ಮೇಲೆ, ಯಾವ ಕವಾಟವನ್ನು ಇಡಬೇಕು ಎಂಬುದನ್ನು ನೀವೂ ನಿಮ್ಮ ಮನೆಯವರೂ ಯೋಚಿಸಿ ಹೇಳಿರಿ ಎಂದು ಶಸ್ತ್ರವೈದ್ಯರು ಅಂದರು. ವೈದ್ಯರು ಅಪ್ಪಣೆಮಾಡುವರು, ರೋಗಿಯು ಪಾಲಿಸುವನು ಎಂಬ ಕ್ರಮಕ್ಕೆ ಒಗ್ಗಿದ ನಮ್ಮಂಥವರಿಗೆ ಇದು ಹೊಸದು.

ಆದರೆ ಮನೆಯವರು ಕೇಳಿದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವರೆಂದು ಕೇಳಿದ್ದ ನಮ್ಮ ಪತ್ನಿಯವರು, “ಅದು ನಿಂತಿರುವಷ್ಟು ಹೊತ್ತು ಇವರು ಬದುಕಿರುತ್ತಾರೆಯೇ?” ಎಂದು ನೇರವಾಗಿಯೇ ಕೇಳಿದರು. ವೈದ್ಯರು ನಗಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಎದೆಯ ನಡುಮೂಳೆಯನ್ನು ಸೀಳಿ, ಮೈಯ ರಕ್ತವನ್ನು ಒಂದು ಯಂತ್ರಕ್ಕೆ ತಿರುಗಿಸುವರು. ಆ ಯಂತ್ರವು ರಕ್ತಕ್ಕೆ ಪ್ರಾಣವಾಯುವನ್ನು ಕೂಡಿಸಿ ಮರಳಿ ಮೈಗೆ ಕಳುಹಿಸುವುದು. ಆಮೇಲೆ ಪೊಟ್ಯಾಸಿಯಮ್ ಹೆಚ್ಚಾಗಿರುವ ದ್ರವದಿಂದ ಹೃದಯವನ್ನು ಸುಮ್ಮನಿರಿಸುವರು. ಕೆಲಸ ಮುಗಿದು ರಕ್ತವು ಮತ್ತೆ ಹರಿದಾಗ ಅದು ತಿರುಗಿ ಮಿಡಿಯುವುದು. ೧೯೫೩ರ ಮೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯರು ಇಂಥ ಯಂತ್ರದ ಸಹಾಯದಿಂದ ಒಬ್ಬ ತರುಣಿಯ ಹೃದಯವನ್ನು ಯಶಸ್ವಿಯಾಗಿ ಸರಿಪಡಿಸಿದಂದಿನಿಂದ ಈ ದಾರಿಯು ತೆರೆದಿದೆ. ಬೇರೆ ದೊಡ್ಡ ಕಾಯಿಲೆಗಳಿಲ್ಲದವರಿಗೆ, ಅನುಭವವುಳ್ಳ ಆಸ್ಪತ್ರೆಗಳಲ್ಲಿ, ಪ್ರಾಣಾಪಾಯವು ನೂರಕ್ಕೆ ಒಂದೆರಡರಷ್ಟೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಒಂದೆರಡೂ ಸೊನ್ನೆಯಲ್ಲ. ಆದರೆ ಸುಮ್ಮನೆ ಕುಳಿತರೆ ಆಗುವ ಅಪಾಯದೊಡನೆ ಹೋಲಿಸಿ ನೋಡಬೇಕು.

ಇನ್ನು ಕವಾಟಗಳ ವಿಷಯ. ೧೯೫೮ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಲೋವೆಲ್ ಎಡ್ವರ್ಡ್ಸ್ ಎಂಬ, ಕೆಲಸದಿಂದ ನಿವೃತ್ತರಾಗಿದ್ದ ಅರುವತ್ತು ವರ್ಷದ ಎಂಜಿನಿಯರೊಬ್ಬರು ಆಲ್ಬರ್ಟ್ ಸ್ಟಾರ್ ಎಂಬ ತರುಣ ಶಸ್ತ್ರವೈದ್ಯರ ಬಳಿಗೆ ಬಂದು, ಕೃತಕ ಹೃದಯವನ್ನೇ ಕಟ್ಟೋಣವೆಂದರಂತೆ. ಮೊದಲು ಒಂದು ಕವಾಟವನ್ನು ಮಾಡೋಣವೆಂದು ಸ್ಟಾರ್ ಉತ್ತರವಿತ್ತರು. ಪಂಜರದೊಳಗೆ ಚೆಂಡು ಆಡುವಂತೆ ಅವರು ರಚಿಸಿದ ಕವಾಟವನ್ನು ೧೯೬೦ರಲ್ಲಿ ರೋಗಿಗಳಿಗೆ ಇಟ್ಟರು. ಮೊದಲನೆಯ ರೋಗಿಯು ಉಳಿಯಲಿಲ್ಲ. ಎರಡನೆಯವರು ಹತ್ತು ವರ್ಷ ಬದುಕಿದ್ದು, ಕೊನೆಗೆ ಮನೆಗೆ ಬಣ್ಣ ಹಚ್ಚುವಾಗ ಏಣಿಯಿಂದ ಬಿದ್ದು ತೀರಿಕೊಂಡರು. ಕವಾಟವು ಅವರನ್ನು ಕೈಬಿಡಲಿಲ್ಲ.

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಎಸ್. ವಲಿಯತ್ತಾನರ ನೇತೃತ್ವದಲ್ಲಿ ತಯಾರಾದ ಕವಾಟವನ್ನು ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಇಡಲಾಯಿತು. ಅದಕ್ಕೆ ಮುಂಚಿನ ಮಾದರಿಗಳು ಒಂದೊಂದಾಗಿ ಸೋತಿದ್ದವು. ಪರದೇಶದ ಕವಾಟಗಳಿಗಿಂತ ಬಹಳ ಅಗ್ಗವಾದ ಇದು ನಮ್ಮ ಬಡಜನರಿಗೆ ದೊಡ್ಡ ಉಪಕಾರ ಮಾಡಿದೆ. ವಲಿಯತ್ತಾನರು ಆ ಬಳಿಕ ನಮ್ಮ ಮಣಿಪಾಲಕ್ಕೆ ಬಂದು ನೆಲೆಸಿ, ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳನ್ನು ಅಭ್ಯಾಸಮಾಡಿ ಗ್ರಂಥಗಳನ್ನು ಬರೆದರು. ೨೦೨೪ರಲ್ಲಿ ತೀರಿಕೊಂಡರು.

ಈಗ ಬಳಕೆಯಲ್ಲಿರುವ ಕವಾಟಗಳು ಮುಖ್ಯವಾಗಿ ಎರಡು ಜಾತಿ. ಲೋಹ, ಇಂಗಾಲ ಮೊದಲಾದುವುಗಳಿಂದ ಮಾಡಿದ್ದು ಒಂದು. ಇದು ಸಾಮಾನ್ಯವಾಗಿ ಆಯುಷ್ಯಪೂರ್ತಿ ಬಾಳುವುದು. ನಿಶ್ಶಬ್ದವಾದ ರಾತ್ರಿಯಲ್ಲಿ ಗಡಿಯಾರದಂತೆ ಇದರ ಟಿಕ್ ಸದ್ದು ಕೇಳುವುದೂ ಉಂಟು. ಆದರೆ ಇದರ ಮೇಲೆ ರಕ್ತವು ಹೆಪ್ಪುಗಟ್ಟುವ ಸಂಭವವಿರುವುದರಿಂದ, ವಾರ್ಫರಿನ್ ಎಂಬ ಮಾತ್ರೆಯನ್ನು ಬದುಕಿರುವವರೆಗೂ ತಪ್ಪದೆ ನುಂಗಬೇಕು. ಕೊಳೆತ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದುದನ್ನು ಶೋಧಿಸುವಾಗ ಹೊರಬಿದ್ದ ಮದ್ದು ಇದು. ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದಿತ್ತು. ಪ್ರಮಾಣ ತಪ್ಪಿದರೆ ವಿಷ, ಪ್ರಮಾಣದಲ್ಲಿದ್ದರೆ ರಕ್ಷೆ. ಪ್ರಮಾಣವನ್ನು ತಿಳಿಯಲು ಆಗಾಗ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಾಗಬೇಕು. ಪಾಲಕ್, ದಂಟು, ನುಗ್ಗೆ ಮುಂತಾದ ಸೊಪ್ಪುಗಳು ಈ ಮದ್ದಿನ ಬಲವನ್ನು ಕುಗ್ಗಿಸುವುವು. ಸೊಪ್ಪನ್ನು ಬಿಡಬೇಕೆಂದಲ್ಲ, ವಾರವಾರವೂ ಅಳತೆಯು ಒಂದೇ ಸಮನಾಗಿರಬೇಕು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಯನ್ನಾಗಲಿ ನಾಟಿಮದ್ದನ್ನಾಗಲಿ ತೆಗೆದುಕೊಳ್ಳಕೂಡದು.

ಹಸು ಅಥವಾ ಹಂದಿಯ ಅಂಗಾಂಶವನ್ನು ಸಂಸ್ಕರಿಸಿ ಮಾಡಿದ್ದು ಎರಡನೆಯದು. ಪ್ಯಾರಿಸಿನ ಆಲೆನ್ ಕಾರ್ಪಾಂಟಿಯೇ ಎಂಬ ಶಸ್ತ್ರವೈದ್ಯರು ೧೯೬೦ರ ದಶಕದಲ್ಲಿ ಇದರ ಸಂಸ್ಕಾರವಿಧಾನವನ್ನು ಕಂಡುಹಿಡಿದರು. ಇದಕ್ಕೆ ಜೀವಮಾನವೆಲ್ಲ ವಾರ್ಫರಿನ್ ಬೇಕಾಗಿಲ್ಲ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸವೆಯುವುದು. ಆಗ ಮತ್ತೊಂದನ್ನು ಇಡಬೇಕು. ಇದರ ಮೂಲದ್ರವ್ಯವನ್ನು ಕೇಳಿ ಮನಸ್ಸಿನಲ್ಲಿ ಅಳುಕುಂಟಾಗುವ ಮನೆಗಳು ನಮ್ಮಲ್ಲಿ ಅನೇಕವಿರುವುವು. ನಮ್ಮ ಮನೆಯಲ್ಲಿಯೂ ಎರಡು ದಿನ ಅದೇ ಚರ್ಚೆಯಾಯಿತು. ಪ್ರಾಣರಕ್ಷಣೆಯೆಂಬ ಆಪದ್ಧರ್ಮದ ಮುಂದೆ ಆ ಅಳುಕು ನಿಲ್ಲದೆಂದು ನಾವು ತೀರ್ಮಾನಿಸಿದೆವು. ಬೇರೆಯಾಗಿ ತೀರ್ಮಾನಿಸುವವರಿಗೂ ಲೋಹದ ಕವಾಟವಿದ್ದೇ ಇದೆ.

ಐವತ್ತರೊಳಗಿನವರಿಗೆ ಲೋಹದ್ದು, ಅರುವತ್ತೈದು ದಾಟಿದವರಿಗೆ ಅಂಗಾಂಶದ್ದು ಎಂಬುದು ಸಾಮಾನ್ಯ ವಾಡಿಕೆ. ನಮ್ಮದು ಎರಡರ ನಡುವಣ ವಯಸ್ಸು. ಎದೆಯನ್ನು ಸೀಳದೆ, ತೊಡೆಯ ರಕ್ತನಾಳದಿಂದಲೇ ಕವಾಟವನ್ನು ಕಳುಹಿಸುವ ವಿಧಾನವನ್ನು ೨೦೦೨ರಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ಆಲೆನ್ ಕ್ರಿಬಿಯೇ ಎಂಬವರು ಮೊದಲು ನಡೆಸಿದರು. ಅದು ಮುಖ್ಯವಾಗಿ ಹೆಚ್ಚು ವಯಸ್ಸಾದವರಿಗೂ, ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೂ ಯುಕ್ತವೆಂದೂ, ನಮ್ಮ ವಯಸ್ಸಿಗೆ ಹಾಗೂ ಎರಡು ದಳದ ಕವಾಟಕ್ಕೆ ತೆರೆದ ಚಿಕಿತ್ಸೆಯೇ ಲೇಸೆಂದೂ ವೈದ್ಯರು ಅಭಿಪ್ರಾಯಪಟ್ಟರು.

ನಾವು ಅಂಗಾಂಶದ ಕವಾಟವನ್ನು ಆರಿಸಿಕೊಂಡಿದ್ದೇವೆ. ನಮ್ಮ ಊರಿಗೆ ನಂಬತಕ್ಕ ರಕ್ತಪರೀಕ್ಷೆಯ ಅನುಕೂಲವು ಮೂವತ್ತು ಮೈಲಿ ದೂರ. ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿದ್ದುದೂ ಉಂಟು. ಎಪ್ಪತ್ತೈದರ ಹೊತ್ತಿಗೆ ಇನ್ನೊಂದು ಕವಾಟವು ಬೇಕಾದರೆ, ಅದನ್ನು ನಳಿಕೆಯ ಮೂಲಕವೇ ಹಳೆಯದರೊಳಗೆ ಕೂರಿಸುವ ಉಪಾಯವೂ ಕೆಲವರಲ್ಲಿ ಸಾಧ್ಯವಾಗಿದೆ. ಇದು ನಮ್ಮ ನಿರ್ಣಯ, ಇತರರಿಗೆ ಪ್ರಮಾಣವಲ್ಲ. ಮೂವತ್ತು ವರ್ಷದ ಗೃಹಸ್ಥನಿಗಾದರೆ ಇದೇ ಲೆಕ್ಕವು ಬೇರೆ ಉತ್ತರವನ್ನು ಕೊಡುವುದು. ತಾಯಿಯಾಗಬಯಸುವ ಹೆಂಗಸಿಗೆ ವಾರ್ಫರಿನ್ ಗರ್ಭಕ್ಕೆ ಹಾನಿಮಾಡಬಲ್ಲದೆಂಬುದನ್ನೂ ಎಣಿಸಬೇಕಾಗುವುದು.

ಈ ದಾರಿಯಲ್ಲಿ ಬರುವ ವಾಚಕರಿಗೆ ನಾವು ಹೇಳತಕ್ಕದ್ದು ಇಷ್ಟೇ. ವೈದ್ಯರ ಬಳಿಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ. ಮನೆಯ ಒಬ್ಬರನ್ನಾದರೂ ಜೊತೆಗೆ ಕರೆದೊಯ್ಯಿರಿ. ಚಿಕಿತ್ಸೆಗೆ ಮುಂಚೆ ಹಲ್ಲುಗಳನ್ನು ತೋರಿಸಿರಿ. ಕೊಳೆತ ಹಲ್ಲಿನ ಕ್ರಿಮಿಗಳು ರಕ್ತಕ್ಕಿಳಿದು ಹೊಸ ಕವಾಟದಲ್ಲಿ ನೆಲೆಸಬಹುದು. ಚಿಕಿತ್ಸೆಯ ಬಳಿಕವೂ ಹಲ್ಲು ಕೀಳಿಸುವ ಮುನ್ನ ಕವಾಟದ ಸಂಗತಿಯನ್ನು ತಿಳಿಸಿರಿ. ಎದೆಯ ಮೂಳೆಯು ಕೂಡಿಕೊಳ್ಳಲು ಎರಡು ಮೂರು ತಿಂಗಳುಗಳು ಬೇಕು. ಅಲ್ಲಿಯವರೆಗೆ ಭಾರವನ್ನು ಎತ್ತಕೂಡದು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಎಳೆಯರ ಕವಾಟಗಳು ಕೆಡುವುದಕ್ಕೆ ಮುಖ್ಯ ಕಾರಣ ಗಂಟಲುನೋವಿನ ಹಿಂದೆ ಬರುವ ರೂಮ್ಯಾಟಿಕ್ ಜ್ವರ. ಜ್ವರದೊಡನೆ ಬಂದ ಗಂಟಲುನೋವನ್ನು ವೈದ್ಯರಿಗೆ ತೋರಿಸಿ, ಅವರು ಪೆನಿಸಿಲಿನ್ ಕೊಟ್ಟರೆ ಪೂರ್ತಿಯಾಗಿ ಮುಗಿಸಿದಲ್ಲಿ, ಒಂದು ಕವಾಟವೇ ಉಳಿಯಬಹುದು.

ನಮ್ಮ ಚಿಕಿತ್ಸೆಗೆ ದಿನವು ಗೊತ್ತಾಗಿದೆ. ಮನೆಯ ಕಾಗದಪತ್ರಗಳು ಎಲ್ಲಿರುವುವೆಂಬುದನ್ನು ಮಗನಿಗೆ ತೋರಿಸಿಕೊಟ್ಟಿದ್ದೇವೆ. ರಾತ್ರಿಯ ಹೊತ್ತು ಭಯವು ಬರುವುದಿಲ್ಲವೆಂದು ಹೇಳಲಾರೆವು. ಆದರೆ ಯಾವುದಕ್ಕೆ ಭಯಪಡಬೇಕು, ಯಾವುದಕ್ಕೆ ಬೇಡ ಎಂಬುದು ಈಗ ಗೊತ್ತಿದೆ. ದೈವಾನುಗ್ರಹವಿದ್ದರೆ ಮುಂದಿನ ಸಂಗತಿಯನ್ನು ವಾಚಕರಿಗೆ ನಾವೇ ಅರಿಕೆಮಾಡುವೆವು.