ನಿಮಗಿದು ಗೊತ್ತೆ? ಮಲೆನಾಡಿನ ಕಬ್ಬಿಣ ಕಡಲು ಸೇರುವ ದಾರಿ
ಶೃಂಗೇರಿ, ಕೊಪ್ಪ ತಾಲ್ಲೂಕಿನ ಹರಿಹರಪುರಗಳಲ್ಲಿ ತುಂಗೆಯೂ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ಭದ್ರೆಯೂ ಮಳೆಗಾಲದಲ್ಲಿ ಕೆಂಪಾಗುವುದು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಆದರೆ ಈ ಕಬ್ಬಿಣ ಹತ್ತಿರದ ಅರಬ್ಬಿ ಸಮುದ್ರಕ್ಕೆ ಹೋಗುವುದಿಲ್ಲ. ಎರಡೂ ಹೊಳೆಗಳು ಕೂಡಲಿಯಲ್ಲಿ ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯತ್ತ ಸಾಗುತ್ತವೆ. ದಾರಿಯ ಅಣೆಕಟ್ಟುಗಳ ಹಿಂದೆ ಹೂಳಿನೊಡನೆ ಸಾಕಷ್ಟು ಕಬ್ಬಿಣ ಉಳಿಯುತ್ತದೆ. ನೀರಲ್ಲಿ ಕರಗಿದಂತೆ ಕಾಣುವ ಕಬ್ಬಿಣದ ಬಹುಪಾಲು ಕೂಡ ಅಳಿವೆಯಲ್ಲಿ ಉಪ್ಪುನೀರು ತಾಗಿದೊಡನೆ ಗರಣೆಗಟ್ಟಿ ತಳಕ್ಕಿಳಿಯುತ್ತದೆ.

ಪಶ್ಚಿಮ ಕರಾವಳಿಗೆ ಭದ್ರೆಯ ಸೀಮೆಯ ಕಬ್ಬಿಣ ಹೋದದ್ದು ಮನುಷ್ಯನಿಂದ. ಅಲ್ಲಿನ ಕುದುರೆಮುಖದ ಗಣಿಯ ಅದಿರನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರು ಬಂದರಿಗೆ ಕಳಿಸಲಾಗುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮಳೆಯೇ ಇಷ್ಟು ಕೆಮ್ಮಣ್ಣು ತೊಳೆಯುವಾಗ ಹೊಳೆಯ ಹೂಳಿಗೆ ಗಣಿಯನ್ನೇಕೆ ದೂರಬೇಕು ಎನ್ನುವವರಿದ್ದಾರೆ. ಈ ವಾದ ನಿಲ್ಲದು: ಕಾಡಿರುವ ಗುಡ್ಡದಲ್ಲಿ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಅಗೆದು ಬೋಳಾದ ಇಳಿಜಾರಿನಿಂದ ಅದೇ ಮಳೆ ಎಷ್ಟೋ ಪಟ್ಟು ಹೆಚ್ಚು ಹೂಳು ಎಳೆದೊಯ್ಯುತ್ತದೆ. ಹೂಳಿನ ಕಬ್ಬಿಣ ಕಡಲಿಗೆ ಒಳಿತಲ್ಲವೇ ಎಂದೂ ಕೇಳಬಹುದು. ಕಡಲಿನ ಸೂಕ್ಷ್ಮ ಸಸ್ಯಗಳಿಗೆ ಕಬ್ಬಿಣ ಬೇಕೆಂಬುದು ನಿಜ. ಆದರೆ ಗಣಿಯ ಹೂಳು ಕಡಲಿಗಿಂತ ಎಷ್ಟೋ ಮೊದಲು, ಮೀನು ಮೊಟ್ಟೆಯಿಡುವ ಹೊಳೆಯ ಕಲ್ಲುತಳವನ್ನೇ ಮುಚ್ಚಿಬಿಡುತ್ತದೆ.